ಕಾಂಪೋಸ್ಟ್ ರಾಶಿಯ ಮುಂದೆ ಒಂದು ವರ್ಷ: ಕಟ್ಟುವುದು, ನೋಡುವುದು, ಮಣ್ಣಿಗೆ ಹಿಂದಿರುಗಿಸುವುದು

ಚಳಿಗಾಲದ ಬೆಳಿಗ್ಗೆ ರಾಶಿಯ ಮೇಲಿನ ತರಗೆಲೆ ಸರಿಸಿ, ಒಂದು ಗೇಣು ಆಳಕ್ಕೆ ಕೈ ಇಳಿಸಿ. ಹೊರಗೆ ಬೆರಳು ಸೆಟೆಯುವಷ್ಟು ಚಳಿ. ಒಳಗೆ ಸ್ನಾನದ ನೀರಿನಷ್ಟು ಬಿಸಿ. ಕೈ ತೆಗೆದ ಜಾಗದಿಂದ ಸಣ್ಣಗೆ ಹಬೆ ಏಳುತ್ತದೆ. ಅಲ್ಲಿ ಬೆಂಕಿ ಇಲ್ಲ, ಕರೆಂಟ್ ಇಲ್ಲ. ಹೋದ ವಾರ ಹಾಕಿದ ಸಿಪ್ಪೆಗಳನ್ನು ಕಣ್ಣಿಗೆ ಕಾಣದ ಜೀವಿಗಳು ತಿನ್ನುತ್ತಿವೆ. ಅವುಗಳ ಉಸಿರಿನ ಬಿಸಿ ಅದು.

ಗೊಬ್ಬರ ಬೇಗ ಮಾಡುವುದು ಹೇಗೆ ಅಂತ ಹೇಳುವ ಬರಹಗಳು ಬೇಕಾದಷ್ಟಿವೆ. ಇಲ್ಲಿಯೂ ರಾಶಿ ಕಟ್ಟುವುದರಿಂದ ಜರಡಿ ಹಿಡಿಯುವವರೆಗೆ ಎಲ್ಲ ಹೇಳುತ್ತೇನೆ. ಜೊತೆಗೆ ಯಾವ ಕಾಲದಲ್ಲಿ ಏನು ನೋಡಬೇಕು ಅನ್ನುವುದನ್ನೂ ಹೇಳುತ್ತೇನೆ. ಕೃತಜ್ಞತೆ ಬೇಕು ಅಂತ ಕಣ್ಣು ಮುಚ್ಚಿ ಕೂತಾಗ ನನಗೆ ಅದು ಬಂದಿಲ್ಲ. ಕಣ್ಣು ಬಿಟ್ಟು ಈ ರಾಶಿಯನ್ನು ನೋಡಿದಾಗ ಬಂದಿದೆ. ಯಾವುದು ಎಲ್ಲಿಂದ ಬಂತು, ಈಗ ಏನಾಗುತ್ತಿದೆ ಅಂತ ಕಂಡಷ್ಟೂ ಅದು ಹೆಚ್ಚುತ್ತದೆ.

ಹೆಜ್ಜೆ 1: ಹೋಗಿ ನಿಲ್ಲಬೇಕು ಅನಿಸುವ ಜಾಗ ಆರಿಸಿ

ಸಾಮಾನ್ಯವಾಗಿ ಗೊಬ್ಬರಕ್ಕೆ ಯಾರೂ ನೋಡದ ಮೂಲೆ ಹುಡುಕುತ್ತೇವೆ. ನಾನೂ ಮೊದಲು ಹಾಗೇ ಮಾಡಿದ್ದೆ. ಗೋಡೆಯ ಹಿಂದೆ ಮುಚ್ಚಳ ಇರುವ ಬಕೆಟ್ ಇಟ್ಟು, ದಿನಾ ಹಸಿ ಕಸ ಸುರಿದು, ತಿರುಗಿ ನೋಡದೆ ಬರುತ್ತಿದ್ದೆ. ಬಕೆಟ್ಟಿಗೆ ತೂತು ಇರಲಿಲ್ಲ, ಒಣ ಎಲೆ ಹಾಕಿರಲಿಲ್ಲ. ಎರಡು ತಿಂಗಳಾದ ಮೇಲೆ ಮುಚ್ಚಳ ತೆಗೆದರೆ ಕಪ್ಪು ನೀರು, ತಲೆ ತಿರುಗುವ ವಾಸನೆ. ದಿನಾ ಒಂದು ನಿಮಿಷ ನೋಡಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು.

ಹಾಗಾಗಿ ದಿನಾ ಓಡಾಡುವ ದಾರಿಯಲ್ಲೇ ಜಾಗ ಮಾಡಿ. ಅರ್ಧ ದಿನ ನೆರಳು, ಅರ್ಧ ದಿನ ಬಿಸಿಲು ಇದ್ದರೆ ಒಳ್ಳೆಯದು. ನೀರು ನಿಲ್ಲಬಾರದು. ರಾಶಿ ನೇರ ಮಣ್ಣಿನ ಮೇಲೆ ಕೂರಲಿ, ಎರೆಹುಳುಗಳು ಕೆಳಗಿನಿಂದ ತಾವಾಗೇ ಬರುತ್ತವೆ. ಉದ್ದ, ಅಗಲ, ಎತ್ತರ ಮೂರೂ ಸುಮಾರು 1 ಮೀಟರ್ ಇದ್ದರೆ ಒಳಗಿನ ಬಿಸಿ ಉಳಿಯುತ್ತದೆ. ಅದಕ್ಕಿಂತ ಚಿಕ್ಕದಾದರೂ ಕಳಿಯುತ್ತದೆ, ನಿಧಾನ ಅಷ್ಟೇ. ಮಣ್ಣಿನ ಜಾಗ ಇಲ್ಲದವರು ಪಕ್ಕಕ್ಕೂ ತಳಕ್ಕೂ ತೂತು ಹೊಡೆದ ಡ್ರಮ್ ಇಟ್ಟುಕೊಳ್ಳಬಹುದು. ಪಕ್ಕದಲ್ಲಿ ಕೂರಲು ಒಂದು ಕಲ್ಲೋ ಮಣೆಯೋ ಇರಲಿ. ಇದು ಅಲಂಕಾರದ ಮಾತಲ್ಲ. ಕೂರಲು ಜಾಗ ಇದ್ದರೆ ಮಾತ್ರ ಕೂತು ನೋಡುತ್ತೀರಿ.

ಹೆಜ್ಜೆ 2: ಒಣದ್ದು, ಹಸಿಯದ್ದು ಬೇರೆ ಮಾಡಿ

ರಾಶಿಗೆ ಎರಡು ಬಗೆಯ ಊಟ ಬೇಕು. ತರಗೆಲೆ, ಒಣಹುಲ್ಲು, ಸಣ್ಣ ಕಡ್ಡಿ, ಚೂರು ಮಾಡಿದ ರಟ್ಟು ಇವು ಒಣದ್ದು. ಇವುಗಳಲ್ಲಿ ಇಂಗಾಲ ಜಾಸ್ತಿ. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಆಗತಾನೆ ಕತ್ತರಿಸಿದ ಹುಲ್ಲು, ಚಹಾ ಮತ್ತು ಕಾಫಿ ಗಸಿ, ಹಸುವಿನ ಅಥವಾ ಕುರಿಯ ಗೊಬ್ಬರ ಇವು ಹಸಿ. ಇವುಗಳಲ್ಲಿ ಸಾರಜನಕ ಜಾಸ್ತಿ. ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ಹದ. ಇದನ್ನು ತೂಕ ಹಾಕುತ್ತಾ ಕೂರಬೇಕಿಲ್ಲ. ಒಂದು ಬುಟ್ಟಿ ಹಸಿಗೆ ಎರಡು ಮೂರು ಬುಟ್ಟಿ ಒಣದ್ದು ಅಂತ ನೆನಪಿಟ್ಟರೆ ಸಾಕು.

ಹಾಕಬಾರದ್ದೂ ಇದೆ. ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆ ಜಿಡ್ಡು ಬೇಡ, ಇಲಿ ಹೆಗ್ಗಣ ಬರುತ್ತವೆ. ನಾಯಿ, ಬೆಕ್ಕಿನ ಮಲ ಬೇಡ. ರೋಗ ಬಂದ ಗಿಡ ಬೇಡ. ಕಳೆನಾಶಕ ಹೊಡೆದ ಹುಲ್ಲಂತೂ ಬೇಡವೇ ಬೇಡ. ಹಣ್ಣಿನ ಮೇಲಿನ ಪ್ಲಾಸ್ಟಿಕ್ ಸ್ಟಿಕ್ಕರ್ ಕಿತ್ತು ಹಾಕಿ. ಚಹಾದ ಚೀಲಗಳಲ್ಲೂ ಕೆಲವದರಲ್ಲಿ ಪ್ಲಾಸ್ಟಿಕ್ ಇರುತ್ತದೆ, ಒಡೆದು ಪುಡಿ ಮಾತ್ರ ಹಾಕಿ. ಮೊಟ್ಟೆ ಚಿಪ್ಪು ಹಾಕಬಹುದು. ಕರಗಲು ತುಂಬಾ ಸಮಯ ತೆಗೆದುಕೊಳ್ಳುತ್ತದೆ, ಪುಡಿ ಮಾಡಿ ಹಾಕಿದರೆ ಒಳ್ಳೆಯದು.

ಹೆಜ್ಜೆ 3: ಪದರ ಪದರವಾಗಿ ಕಟ್ಟಿ

ತಳಕ್ಕೆ ದಪ್ಪ ಕಡ್ಡಿಗಳನ್ನು ಒಂದು ಗೇಣು ಹಾಸಿ, ಗಾಳಿ ಆಡಲಿ. ಅದರ ಮೇಲೆ ಒಣ ಎಲೆ, ಅದರ ಮೇಲೆ ತೆಳ್ಳಗೆ ಹಸಿ ಕಸ, ಒಂದು ಹಿಡಿ ಹಳೆಯ ಗೊಬ್ಬರ ಅಥವಾ ತೋಟದ ಮಣ್ಣು, ಮತ್ತೆ ಒಣ ಎಲೆ. ಮೇಲಿನ ಪದರ ಯಾವಾಗಲೂ ಒಣದ್ದೇ ಇರಲಿ. ನೊಣ ಮುತ್ತುವುದಿಲ್ಲ, ವಾಸನೆ ಬರುವುದಿಲ್ಲ. ರಾಶಿಯಲ್ಲಿ ಎಲ್ಲಿಂದಾದರೂ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ತೇವ ಸರಿ ಇದೆ. ನೀರು ಸುರಿದರೆ ಜಾಸ್ತಿಯಾಯ್ತು, ಪುಡಿ ಉದುರಿದರೆ ಕಡಿಮೆಯಾಯ್ತು.

ಹೀಗೆ ಪದರ ಕಟ್ಟುವುದು ಹೊಸದೇನಲ್ಲ. 1920ರ ದಶಕದಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಎಂಬ ವಿಜ್ಞಾನಿಗಳು ಇಂದೋರಿನಲ್ಲಿ ರೂಪಿಸಿದ ಕ್ರಮ ಇಂದಿಗೂ 'ಇಂದೋರ್ ವಿಧಾನ' ಅಂತಲೇ ಹೆಸರಾಗಿದೆ. ರೈತರು ತಿಪ್ಪೆಯಲ್ಲಿ ಮಾಡುತ್ತಿದ್ದುದನ್ನು ಹತ್ತಿರದಿಂದ ನೋಡಿ ಕಲಿತವರು ಹೋವರ್ಡ್. ಅಲ್ಲೂ ನೋಡುವುದೇ ಮೊದಲ ಕೆಲಸ ಆಗಿತ್ತು.

ಹೆಜ್ಜೆ 4: ಸುರಿಯುವ ಮೊದಲು ಒಂದು ಕ್ಷಣ ನಿಲ್ಲಿ

ಇದು ಇಡೀ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಹೆಜ್ಜೆ, ಹಿಡಿಯುವುದು ಅರ್ಧ ನಿಮಿಷ. ಅಡುಗೆಮನೆಯ ಡಬ್ಬ ಬಗ್ಗಿಸುವ ಮೊದಲು ಅದರೊಳಗಿರುವ ಮೂರು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿ. ಕ್ಯಾರೆಟ್ ತುದಿ. ಬಾಳೆಹಣ್ಣಿನ ಸಿಪ್ಪೆ. ಬಾಡಿದ ಹೂವು. ಒಂದೊಂದರ ಹಿಂದೆಯೂ ಒಂದು ಊಟ ಇತ್ತು, ಒಬ್ಬರು ಇದ್ದರು. ಆ ಕ್ಯಾರೆಟ್ ಬಿತ್ತಿದವರು ಯಾರೋ, ಕಿತ್ತವರು ಯಾರೋ. ಆ ಹೂವು ಯಾರೋ ಖುಷಿಯಿಂದ ತಂದದ್ದು.

ದೊಡ್ಡ ಪ್ರಾರ್ಥನೆ ಏನೂ ಬೇಡ. ಹೆಸರು ಹೇಳಿದರೆ ಸಾಕು. 'ಕಸ' ಅಂದಾಗ ಏನೂ ಕಾಣುವುದಿಲ್ಲ. 'ಮೊನ್ನೆ ಮಗು ಅರ್ಧ ತಿಂದು ಬಿಟ್ಟ ಸೇಬು' ಅಂದಾಗ ಎಲ್ಲ ಕಾಣುತ್ತದೆ. ಎಷ್ಟು ಊಟ ಸುಮ್ನೆ ಹಾಳಾಗುತ್ತಿದೆ ಅನ್ನುವುದೂ ಇಲ್ಲೇ ಕಾಣುತ್ತದೆ. ಹೆಸರು ಹೇಳಲು ಶುರು ಮಾಡಿದ ಮೇಲೆ ನಮ್ಮ ಮನೆಯ ಡಬ್ಬದಲ್ಲಿ ಸಿಪ್ಪೆ ಉಳಿಯಿತು, ಬಾಡಿ ಹೋದ ಇಡೀ ತರಕಾರಿ ಕಡಿಮೆಯಾಯಿತು.

ವಾರಕ್ಕೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಏನನಿಸಿತು ಅಂತ ಬೇಡ, ಏನು ಕಂಡಿತು ಅಂತ ಬರೆಯಿರಿ. 'ಮೇಲೆ ಬಿಳಿ ಎಳೆ ಬಂದಿದೆ. ಒಂದು ಗೇಣು ಕುಸಿದಿದೆ.' ವರ್ಷ ಕಳೆದ ಮೇಲೆ ಅದನ್ನು ಓದಿ ನೋಡಿ.

ಹೆಜ್ಜೆ 5: ಬಿಸಿಯ ಲೆಕ್ಕ ತಿಳಿಯಿರಿ

ಚೆನ್ನಾಗಿ ಕಟ್ಟಿದ ರಾಶಿ ಕೆಲವೇ ದಿನಗಳಲ್ಲಿ ಬಿಸಿಯಾಗುತ್ತದೆ. ಮೊದಲು ಸಾಧಾರಣ ಶಾಖ ಬಯಸುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ. ಶಾಖ 40 ಡಿಗ್ರಿ ದಾಟಿದ ಮೇಲೆ ಅವು ಹಿಂದೆ ಸರಿದು, ಬಿಸಿಯನ್ನೇ ಬಯಸುವ ಇನ್ನೊಂದು ಗುಂಪು ಬರುತ್ತದೆ. 55ರಿಂದ 65 ಡಿಗ್ರಿ ಸೆಲ್ಸಿಯಸ್ ಒಳ್ಳೆಯ ಮಟ್ಟ. ಕೆಲವು ದಿನ ಆ ಬಿಸಿ ನಿಂತರೆ ಹೆಚ್ಚಿನ ಕಳೆ ಬೀಜಗಳೂ ರೋಗಾಣುಗಳೂ ಸಾಯುತ್ತವೆ. 70 ದಾಟಿದರೆ ನಮಗೆ ಬೇಕಾದವೂ ಸಾಯತೊಡಗುತ್ತವೆ, ಆಗ ತಿರುವಿ ಹಾಕಿ ತಣಿಸಬೇಕು.

ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿಡಿ. ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಕೆಲಸ ಜೋರಾಗಿ ನಡೆದಿದೆ. ಒಂದು ಎಚ್ಚರಿಕೆ: ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಮೇಲಿನ ಪದರ ಸರಿಸಿ ನೋಡಿ. ಬೆಚ್ಚಗಿನ ಜಾಗ ಹಾವು, ಚೇಳುಗಳಿಗೂ ಇಷ್ಟ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ, ಧೂಳೇಳುವಷ್ಟು ಒಣಗಿದ್ದರೆ ನೀರು ಚಿಮುಕಿಸಿ ಮಾಸ್ಕ್ ಹಾಕಿಕೊಳ್ಳಿ. ಉಬ್ಬಸ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹೆಜ್ಜೆ 6: ಕಾಲಕ್ಕೆ ತಕ್ಕಂತೆ ನೋಡಿ

*ಎಲೆ ಉದುರುವ ಕಾಲ.* ರಾಶಿಯ ವರ್ಷ ಶುರುವಾಗುವುದು ಇಲ್ಲಿಂದ ಅಂತ ನನ್ನ ಭಾವನೆ. ಗಿಡ ಎಲೆಯನ್ನು ಸುಮ್ನೆ ಬೀಳಿಸುವುದಿಲ್ಲ. ಬೀಳಿಸುವ ಮೊದಲು ಅದರೊಳಗಿನ ಸಾರಜನಕ, ರಂಜಕಗಳಲ್ಲಿ ಒಳ್ಳೆಯ ಪಾಲನ್ನು ಕಾಂಡಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಹೋಗಿ, ಮೊದಲಿನಿಂದಲೂ ಒಳಗೆ ಇದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಉಳಿಯುವುದು ಹೆಚ್ಚಾಗಿ ಇಂಗಾಲ. ತರಗೆಲೆ ನಮಗೆ 'ಒಣದ್ದು' ಆಗಿ ಸಿಗುವುದು ಗಿಡ ಮಾಡಿದ ಈ ಉಳಿತಾಯದಿಂದ. ತನಗೆ ಬೇಕಾದ್ದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಮಣ್ಣಿಗೆ ಕೊಟ್ಟಿದೆ. ಈ ಕಾಲದಲ್ಲಿ ಸಿಕ್ಕಷ್ಟು ಎಲೆ ಚೀಲಗಳಲ್ಲಿ ತುಂಬಿಡಿ, ವರ್ಷವಿಡೀ ಬೇಕಾಗುತ್ತದೆ. ಗುಡಿಸುವಾಗ ಒಂದೈದು ಎಲೆ ಎತ್ತಿ ಬೆಳಕಿಗೆ ಹಿಡಿಯಿರಿ. ಒಂದರಂತೆ ಇನ್ನೊಂದಿರುವುದಿಲ್ಲ.

ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆ ಅಂತ ಗಾದೆ ಇದೆ. ರಾಶಿಯಲ್ಲಿ ಹಣ್ಣೆಲೆಯೂ ಗಾಳಿಗೆ ಬಿದ್ದ ಚಿಗುರೆಲೆಯೂ ಪಕ್ಕಪಕ್ಕ ಮಲಗಿರುತ್ತವೆ.

*ಚಳಿಗಾಲ.* ಎಲ್ಲ ನಿಧಾನವಾಗುತ್ತದೆ. ಚಿಕ್ಕ ರಾಶಿ ತಣ್ಣಗಾದರೆ ಗಾಬರಿ ಬೇಡ. ಒಳಗಿನ ಜೀವಿಗಳು ಕಾಯುತ್ತಿರುತ್ತವೆ, ಬಿಸಿಲು ಬಂದಾಗ ಮತ್ತೆ ಶುರು ಮಾಡುತ್ತವೆ. ಈಗ ಆಗಾಗ ತಿರುವಬೇಡಿ, ಬಿಸಿ ಹಾರಿ ಹೋಗುತ್ತದೆ. ಮೇಲೆ ದಪ್ಪಗೆ ಎಲೆ ಹೊದಿಸಿ. ಬೆಳಿಗ್ಗೆ ಬೇಗ ಹೋಗಿ. ಕಡ್ಡಿಗಳ ನಡುವೆ ಜೇಡ ಕಟ್ಟಿದ ಬಲೆಯ ಮೇಲೆ ಇಬ್ಬನಿ ಸಾಲುಗಟ್ಟಿರುತ್ತದೆ, ಹಿಂದೆ ಹಬೆ ಏಳುತ್ತಿರುತ್ತದೆ. ಬಿಸಿಲು ಏರಿದರೆ ಎರಡೂ ಇಲ್ಲ. ಹಿಮ ಬೀಳುವ ಕಡೆಗಳಲ್ಲಿ ಬಿಸಿ ರಾಶಿಯ ನೆತ್ತಿಯ ಹಿಮ ಮೊದಲು ಕರಗುತ್ತದೆ.

ಈ ದಿನಗಳಲ್ಲಿ ಒಳಗಿನ ಎಲೆಗಳ ಮೇಲೆ ಬೂದಿ ಚೆಲ್ಲಿದಂತೆ ಬೆಳ್ಳಗೆ ಕಾಣಬಹುದು. ಕೆಟ್ಟು ಹೋಯ್ತು ಅಂದುಕೊಂಡು ಬಿಸಾಡಬೇಡಿ. ಅದು ಆಕ್ಟಿನೋಮೈಸಿಟ್ಸ್ ಅನ್ನುವ ಬ್ಯಾಕ್ಟೀರಿಯಾಗಳ ಎಳೆ. ನಾರು, ತೊಗಟೆಯಂಥ ಗಟ್ಟಿ ಪದಾರ್ಥವನ್ನು ಕೊಳೆಸುವವರಲ್ಲಿ ಇವೂ ಸೇರಿವೆ.

*ಬೇಸಿಗೆ.* ಈಗ ರಾಶಿ ಜಾಸ್ತಿ ತಿನ್ನುತ್ತದೆ, ಜಾಸ್ತಿ ಕುಡಿಯುತ್ತದೆ. ಎರಡು ದಿನಕ್ಕೊಮ್ಮೆ ಹಿಂಡಿ ನೋಡಿ. ಒಣಗಿದ ರಾಶಿಗೆ ಮೇಲಿನಿಂದ ನೀರು ಸುರಿದರೆ ಪಕ್ಕಕ್ಕೆ ಹರಿದು ಹೋಗುತ್ತದೆ. ತಿರುವುತ್ತಾ ಪದರಕ್ಕೊಮ್ಮೆ ಚಿಮುಕಿಸಬೇಕು. ಇರುವೆ ಗೂಡು ಕಟ್ಟಿದ್ದರೆ ಒಣಗಿದೆ ಅಂತಲೇ ಅರ್ಥ. ಬೆಚ್ಚಗಿನ ಪ್ರದೇಶಗಳಲ್ಲಿ ಚಪ್ಪಟೆಯಾದ, ಕಂದು ಬಣ್ಣದ ಹುಳುಗಳು ಹಸಿ ಕಸದಲ್ಲಿ ಗುಂಪಾಗಿ ಕುಲುಕುತ್ತಿರುತ್ತವೆ. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಮೊದಲ ಸಲ ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ಈ ನೊಣ ಕಚ್ಚುವುದಿಲ್ಲ. ಮರಿಗಳು ನಾವು ಹಾಕಿದ್ದನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಅವು ಕೆಲಸ ಮಾಡುವಾಗ ಕಿವಿ ಹತ್ತಿರ ತನ್ನಿ, ಸಣ್ಣ ಮಳೆ ಬಂದಂಥ ಸದ್ದು ಕೇಳುತ್ತದೆ.

*ಮಳೆಗಾಲ.* ಮೇಲೆ ಗೋಣಿ ಅಥವಾ ತಗಡು ಹೊದಿಸಿ, ಇಲ್ಲದಿದ್ದರೆ ಸತ್ವವೆಲ್ಲ ತೊಳೆದು ಹೋಗುತ್ತದೆ. ಒಣ ಎಲೆ ದುಪ್ಪಟ್ಟು ಹಾಕಿ. ನನಗೆ ತುಂಬಾ ಇಷ್ಟವಾದ ಕಾಲ ಇದು, ಹಾಗಾಗಿ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಮೊದಲು ಅಣಬೆ. ರಾತ್ರಿ ಇರಲಿಲ್ಲ, ಬೆಳಿಗ್ಗೆ ಉದ್ದ ಕಾಲಿನ ಬೂದು ಟೋಪಿಗಳು ನಿಂತಿರುತ್ತವೆ. ಇವನ್ನು ಇಂಕ್ ಕ್ಯಾಪ್ ಅನ್ನುತ್ತಾರೆ. ಒಂದು ದಿನ ಅವುಗಳ ಪಕ್ಕದಲ್ಲೇ ಆಗಾಗ ಬಂದು ಕೂತೆ. ಬೆಳಿಗ್ಗೆ ಟೋಪಿ ಮುಚ್ಚಿದ ಕೊಡೆಯಂತಿತ್ತು. ಮಧ್ಯಾಹ್ನಕ್ಕೆ ಅಂಚು ಮೇಲೆ ಸುರುಳಿಯಾಗಿ ಕಪ್ಪಾಯಿತು. ಸಂಜೆ ಅಂಚಿನಿಂದ ಕಪ್ಪು ಶಾಯಿಯ ಹನಿ ತೊಟ್ಟಿಕ್ಕುತ್ತಿತ್ತು. ತನ್ನ ಟೋಪಿಯನ್ನು ತಾನೇ ಕರಗಿಸಿಕೊಂಡು ಬೀಜಕಣಗಳನ್ನು ಬಿಡುವ ಅಣಬೆ ಅದು. ಒಂದು ದಿನದ ಬದುಕು ಪೂರ್ತಿ ನನ್ನ ಕಣ್ಣ ಮುಂದೆ ನಡೆಯಿತು. ನೋಡಿ, ಆದರೆ ರಾಶಿಯ ಅಣಬೆಯನ್ನು ತಿನ್ನಬೇಡಿ.

ಎರಡನೆಯದು ಎಲೆಯ ಬಲೆ. ಒದ್ದೆ ಪದರದ ನಡುವೆ ಹುಡುಕಿದರೆ ಮಾಂಸಲ ಭಾಗವೆಲ್ಲ ಹೋಗಿ ನರಗಳು ಮಾತ್ರ ಉಳಿದ ಎಲೆ ಸಿಗುತ್ತದೆ. ನರಗಳಲ್ಲಿ ಲಿಗ್ನಿನ್ ಅನ್ನುವ ಗಟ್ಟಿ ಪದಾರ್ಥ ಇರುವುದರಿಂದ ಅವು ಕೊನೆಗೆ ಕಳಿಯುತ್ತವೆ. ನೀರಿನಲ್ಲಿ ಮೆಲ್ಲಗೆ ತೇಲಿಸಿ ತೊಳೆದು ನೋಡಿ. ಎಷ್ಟು ನಾಜೂಕು ಅಂದರೆ, ಕಸೂತಿ ಹಾಕುವವರೂ ನಿಂತು ನೋಡಬೇಕು.

ಮೂರನೆಯದು ವಾಸನೆ. ಮಳೆ ಬಿದ್ದಾಗ ಮಣ್ಣಿನಿಂದ ಬರುವ ಆ ಪರಿಮಳ ಕಳಿತ ಗೊಬ್ಬರದಿಂದಲೂ ಬರುತ್ತದೆ, ಅಲ್ವಾ? ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನುವ ವಸ್ತು. ಮುಂಚೆ ಹೇಳಿದ ಆ ಬೂದಿ ಬಣ್ಣದ ಬ್ಯಾಕ್ಟೀರಿಯಾ ಗುಂಪಿಗೇ ಸೇರಿದ ಸ್ಟ್ರೆಪ್ಟೋಮೈಸಿಸ್ ಇದನ್ನು ತಯಾರಿಸುತ್ತದೆ. ನಮ್ಮ ಮೂಗು ಇದನ್ನು ಅತಿ ಸಣ್ಣ ಪ್ರಮಾಣದಲ್ಲೂ ಹಿಡಿಯುತ್ತದೆ. ಈ ಪರಿಮಳ ಯಾಕಾಗಿ ಅಂತ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಸ್ಪ್ರಿಂಗ್‌ಟೇಲ್ ಅನ್ನುವ ಪುಟ್ಟ ಜೀವಿಗಳು ಈ ವಾಸನೆ ಹಿಡಿದು ಬರುತ್ತವೆ, ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಅದರ ಬೀಜಕಣಗಳನ್ನು ಬೇರೆ ಕಡೆ ಹೊತ್ತೊಯ್ಯುತ್ತವೆ. ಒದ್ದೆ ಎಲೆ ಎತ್ತಿದಾಗ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಟಪ್ಪನೆ ನೆಗೆದರೆ, ಅವೇ. ನಮ್ಮ ಮನಸ್ಸು ಅರಳಿಸುವ ಮಣ್ಣಿನ ವಾಸನೆ ಅವುಗಳಿಗೆ ಊಟದ ಕರೆ.

ಮಳೆಗಾಲದಲ್ಲಿ ರಾಶಿಯ ಅಂಚಿನಲ್ಲಿ ಟೊಮೆಟೊ, ಕುಂಬಳ ತಾವಾಗೇ ಹುಟ್ಟುತ್ತವೆ. ಒಂದೆರಡು ಬೆಳೆಯಲು ಬಿಡಿ. ಹೀಗೆ ಹುಟ್ಟಿದ ಕುಂಬಳ, ಸೌತೆ ಜಾತಿಯ ಕಾಯಿ ಕಹಿ ಇದ್ದರೆ ಮಾತ್ರ ಉಗಿದುಬಿಡಿ, ತಿನ್ನಬಾರದು. ಆ ಕಹಿ ಹೊಟ್ಟೆ ಕೆಡಿಸುತ್ತದೆ.

ಹೆಜ್ಜೆ 7: ತಿರುವುವಾಗ ಓದಿ

ಬೇಗ ಗೊಬ್ಬರ ಬೇಕಾದರೆ ವಾರಕ್ಕೊಮ್ಮೆ, ಅವಸರ ಇಲ್ಲದಿದ್ದರೆ ತಿಂಗಳಿಗೊಮ್ಮೆ ಕವೆಗೋಲಿನಿಂದ ತಿರುವಿ. ಹೊರಗಿನದು ಒಳಗೆ, ಒಳಗಿನದು ಹೊರಗೆ. ಮೇಲಿನಿಂದ ಕೆಳಗೆ ಇಳಿದಂತೆ ನೀವು ಹಿಂದಿನ ದಿನಗಳಿಗೆ ಹೋಗುತ್ತೀರಿ. ಮೇಲೆ ನಿನ್ನೆಯ ಸಿಪ್ಪೆ, ಅದರ ಕೆಳಗೆ ಹಬ್ಬದ ಹೂವು, ಇನ್ನೂ ಕೆಳಗೆ ಮನೆಗೆ ನೆಂಟರು ಬಂದಿದ್ದ ವಾರ, ತಳದಲ್ಲಿ ಯಾವುದು ಯಾವುದೆಂದು ಗುರುತು ಸಿಗದ ಕಪ್ಪು.

ಮೂರು ವರ್ಷ ಸಾಕಿದ ಒಂದು ಗುಲಾಬಿ ಗಿಡ ನಾನು ಊರಲ್ಲಿಲ್ಲದಾಗ ಒಣಗಿ ಹೋಯಿತು. ತುಂಬಾ ಬೇಜಾರಾಗಿತ್ತು. ಸಣ್ಣಗೆ ಕತ್ತರಿಸಿ ರಾಶಿಗೆ ಹಾಕಿದೆ. ಎಂಟು ತಿಂಗಳ ನಂತರ ತಿರುವುವಾಗ ಬೆರಳುದ್ದದ ಒಂದು ತುಂಡು ಸಿಕ್ಕಿತು. ಮುಳ್ಳು ಇನ್ನೂ ಇತ್ತು, ಒತ್ತಿದರೆ ಬೆಣ್ಣೆಯಂತೆ ಮೆತ್ತಗಾಗಿತ್ತು. ತೊಗಟೆಗೆ ಅಂಟಿಕೊಂಡು ನಿಂಬೆಯ ಆಕಾರದ, ಹಳದಿ ಬಣ್ಣದ ಎರಡು ಪುಟ್ಟ ಕಾಳುಗಳಿದ್ದವು. ಎರೆಹುಳುವಿನ ಮೊಟ್ಟೆಯ ಕೋಶಗಳು. ಒಂದೊಂದರಿಂದ ಹಲವು ಮರಿ ಬರಬಹುದು. ಆ ತುಂಡನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಮುಚ್ಚಿದೆ.

ಎರೆಹುಳು ಕಂಡರೆ ರಾಶಿ ತಣಿದಿದೆ ಅಂತ ತಿಳಿಯಿರಿ, ಬಿಸಿ ಇರುವಷ್ಟು ಕಾಲ ಅವು ಅಂಚಿನಲ್ಲೇ ಇರುತ್ತವೆ. ಚಾರ್ಲ್ಸ್ ಡಾರ್ವಿನ್ ಅಂಥವನು ದಶಕಗಳ ಕಾಲ ಇವುಗಳನ್ನು ಗಮನಿಸಿ, ಸಾಯುವುದಕ್ಕೆ ಆರೇಳು ತಿಂಗಳ ಮುಂಚೆ, 1881ರಲ್ಲಿ, ಇವುಗಳ ಮೇಲೇ ಪುಸ್ತಕ ಪ್ರಕಟಿಸಿದ.

ಹೆಜ್ಜೆ 8: ವಾಸನೆ ಬಂದರೆ ಮುಚ್ಚಬೇಡಿ, ಕೇಳಿ

ಆಗಬಾರದ್ದನ್ನು ಮುಚ್ಚಿಡುವುದಕ್ಕೆ ನಮ್ಮಲ್ಲಿ 'ತಿಪ್ಪೆ ಸಾರಿಸುವುದು' ಅನ್ನುತ್ತಾರೆ. ರಾಶಿಗೆ ಆ ಉಪಚಾರ ಕೆಲಸಕ್ಕೆ ಬರುವುದಿಲ್ಲ. ಕೊಳೆತ ಮೊಟ್ಟೆ ವಾಸನೆ ಅಂದರೆ ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ. ತಿರುವಿ, ಒಣ ಎಲೆ ಸೇರಿಸಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಅಂದರೆ ಹಸಿ ಜಾಸ್ತಿ, ಇಲ್ಲೂ ಒಣ ಎಲೆಯೇ ಮದ್ದು. ವಾಸನೆಯೂ ಇಲ್ಲ, ಬಿಸಿಯೂ ಇಲ್ಲ, ಏನೂ ನಡೆಯುತ್ತಿಲ್ಲ ಅಂದರೆ ನೀರು ಅಥವಾ ಹಸಿ ಕಸ ಕಡಿಮೆಯಾಗಿದೆ. ಹಣ್ಣಿನ ನೊಣಗಳಿದ್ದರೆ ಸಿಪ್ಪೆಯನ್ನು ಒಳಗೆ ಹೂತು ಮುಚ್ಚಿ.

ಹೆಜ್ಜೆ 9: ತೆಗೆಯಿರಿ, ಹಿಂದಿರುಗಿಸಿ

ಬಿಸಿ ರಾಶಿಯನ್ನು ಆಗಾಗ ತಿರುವಿದರೆ ಎರಡರಿಂದ ನಾಲ್ಕು ತಿಂಗಳು, ಸುಮ್ನೆ ಬಿಟ್ಟರೆ ಆರು ತಿಂಗಳಿಂದ ವರ್ಷದ ಮೇಲೂ ಹಿಡಿಯಬಹುದು. ಸೊಂಟದೆತ್ತರ ಇದ್ದದ್ದು ಮೊಣಕಾಲಿಗೆ ಇಳಿದಿರುತ್ತದೆ. ಎಲ್ಲಿ ಹೋಯಿತು ಅಂದರೆ, ಬಹುಪಾಲು ಗಾಳಿಗೆ: ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ. ಬಿಸಿ ಪೂರ್ತಿ ಇಳಿದ ಮೇಲೂ ಒಂದು ತಿಂಗಳು ಹದವಾಗಲು ಬಿಡಿ. ಅವಸರದ ಗೊಬ್ಬರ ಎಳೆ ಬೇರನ್ನು ಸುಡುತ್ತದೆ.

ಆಯಿತೋ ಇಲ್ಲವೋ ತಿಳಿಯಲು ಒಂದು ಹಿಡಿ ಒದ್ದೆ ಗೊಬ್ಬರವನ್ನು ಗಾಳಿಯಾಡದ ಚೀಲದಲ್ಲಿ ಮೂರು ದಿನ ಕಟ್ಟಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಆಗಿದೆ, ಹುಳಿ ವಾಸನೆ ಬಂದರೆ ಇನ್ನೂ ಕಾಯಬೇಕು. ಆಮೇಲೆ ಜರಡಿ ಹಿಡಿಯಿರಿ. ಗಿಡದ ಪಾತಿಗಳ ಮೇಲೆ 2ರಿಂದ 5 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಿ. ಕುಂಡಕ್ಕಾದರೆ ಮಿಶ್ರಣದಲ್ಲಿ ಮೂರರಲ್ಲಿ ಒಂದು ಪಾಲು ಸಾಕು.

ಮೊದಲ ಬುಟ್ಟಿಯನ್ನು ಯಾವ ಗಿಡದಿಂದ ಜಾಸ್ತಿ ಪಡೆದಿದ್ದೀರೋ ಅದರ ಬುಡಕ್ಕೆ ಹಾಕಿ. ನಾನು ತರಗೆಲೆ ಕೊಟ್ಟ ಮರದಿಂದ ಶುರು ಮಾಡುತ್ತೇನೆ. ನೋಟ್‌ಬುಕ್ ತೆಗೆದು ಆ ಎಲೆ ಗುಡಿಸಿದ ದಿನದ ಸಾಲು ಓದುತ್ತೇನೆ, ಆಮೇಲೆ ಕೈಯಿಂದಲೇ ಹರಡುತ್ತೇನೆ.

ಜರಡಿಯ ಮೇಲೆ ಉಳಿದ ಕಡ್ಡಿ, ಚಿಪ್ಪು, ಇನ್ನೂ ಕಳಿಯದ ಬೀಜಗಳನ್ನು ಎಸೆಯಬೇಡಿ. ಅವುಗಳ ಮೇಲೆಲ್ಲ ಕೆಲಸಗಾರರು ಅಂಟಿಕೊಂಡಿದ್ದಾರೆ. ಖಾಲಿಯಾದ ಜಾಗದಲ್ಲಿ ಹೊಸ ಕಡ್ಡಿ ಹಾಸಿ, ಅದರ ಮೇಲೆ ಇವನ್ನು ಸುರಿಯಿರಿ. ಒಂದು ಪದರ ತರಗೆಲೆ ಹಾಕಿ. ಸಂಜೆಯ ಅಡುಗೆಯ ಸಿಪ್ಪೆ ಅಷ್ಟರಲ್ಲಿ ಡಬ್ಬದಲ್ಲಿ ತುಂಬಿರುತ್ತದೆ.